ಕಂಬಗಳು ಪೂರ್ವಕ್ಕಿದ್ದವು

ಹೋದ ತಿಂಗಳು ಸಿಡ್ನಿಯ ಪೆಂಡಲ್ ಹಿಲ್‌ನ ಅಂಗಡಿಯಲ್ಲಿ ತೊಗರಿಬೇಳೆ ಹುಡುಕುತ್ತಾ ನಿಂತಿದ್ದೆ. ಯಾರದೋ ಕೈ ತಾಗಿ ಮೇಲಿನ ಶೆಲ್ಫಿನಿಂದ ಗೊಜ್ಜವಲಕ್ಕಿ ಮಿಕ್ಸಿನ ಪ್ಯಾಕೆಟ್ಟೊಂದು ಕೆಳಗೆ ಬಿದ್ದು ಒಡೆಯಿತು. ಹುಣಿಸೆಹುಳಿ, ಸಾರಿನ ಪುಡಿ, ಕೊಬ್ಬರಿ, ಸ್ವಲ್ಪ ಬೆಲ್ಲ... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅಂಗಡಿಯೂ ಇಲ್ಲ, ಬೇಳೆಯೂ ಇಲ್ಲ. ಎತ್ತರದ ಹುಲ್ಲುಬಯಲು, ಕಿವಿ ಕೊರೆಯುವ ಗಾಳಿ, ಒದ್ದೆ ಉಣ್ಣೆ ಸ್ವೆಟರು ಹಾಕಿಕೊಂಡು ಬಂಡೆಯ ಮೇಲೆ ಕುಳಿತ ಮೇಷ್ಟ್ರು. ಹೆಂಡತಿ ಟ್ರಾಲಿ ತಳ್ಳಿಕೊಂಡು ಬಂದು, "ಏನ್ರೀ, ಹಿಂಗ್ ನಿಂತ್ಬಿಟ್ರಿ? ಹುಷಾರಾಗಿದೀರಾ?" ಅಂದಳು. "ಏನಿಲ್ಲ" ಅಂದೆ. ಈ ವಿಷಯದಲ್ಲಿ ಮೂವತ್ತು ವರ್ಷಗಳಿಂದ ನಾನು ಅವಳಿಗೆ ಹೇಳಿಕೊಂಡು ಬಂದಿದ್ದು ಅದೊಂದೇ ಮಾತು.

ಮೇಷ್ಟ್ರು ಅನ್ನುವುದು ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಹೆಸರು. ಎದುರಿಗೆ "ಸರ್" ಅನ್ನುತ್ತಿದ್ದೆ. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಮೈಸೂರಿನವರು. ಪ್ರಾಯದಲ್ಲಿ ಹಿಮಾಲಯದ ಕಡೆ ಸರ್ವೇ ಕೆಲಸ ಮಾಡಿ, ಎಪ್ಪತ್ತರ ದಶಕದಲ್ಲಿ ಮೆಲ್ಬರ್ನ್‌ಗೆ ಬಂದು, ಬೆಟ್ಟ ಸುತ್ತುವವರಿಗಾಗಿ ಮ್ಯಾಪ್ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ನೆಲೆಯೂರಿದ್ದರು. ಎಂಬತ್ತೆಂಟರಲ್ಲಿ ನಾನು ಬೆಂಗಳೂರಿನಿಂದ ಒಂದು ಸಿವಿಲ್ ಎಂಜಿನಿಯರಿಂಗ್ ಡಿಗ್ರಿ, ಎರಡು ಸೂಟ್‌ಕೇಸು ಹಿಡಿದುಕೊಂಡು ಬಂದಾಗ ಕೆಲಸ ಕೊಡಿಸಿದವರು ಅವರು. ಕ್ಲೇಟನ್‌ನ ತಮ್ಮ ಮನೆಯ ಹಿಂದಿನ ರೂಮನ್ನು ಬಿಟ್ಟುಕೊಟ್ಟವರೂ ಅವರೇ. ಅವರಿಗೆ ಮಕ್ಕಳಿರಲಿಲ್ಲ. ಅವರ ಹೆಂಡತಿಯನ್ನು ನಾನು ಆಂಟಿ ಅನ್ನುತ್ತಿದ್ದೆ. ಸಾಕು ಆಂಟಿ, ಸಾಕು ಅನ್ನುತ್ತಿದ್ದರೂ ಎರಡನೇ ಸಲ ಅನ್ನ ಬಡಿಸಿಯೇ ಒಳಗೆ ಹೋಗುತ್ತಿದ್ದರು.

ಮೆಲ್ಬರ್ನ್‌ನಿಂದ ಈಶಾನ್ಯಕ್ಕೆ ನಾಲ್ಕೈದು ಗಂಟೆ ಕಾರು ಓಡಿಸಿದರೆ ಈ ದೇಶದ ಆಲ್ಪ್ಸ್ ಬೆಟ್ಟಗಳು. ಆಲ್ಪ್ಸ್ ಅಂದ ಕೂಡಲೇ ನಾನು ಕ್ಯಾಲೆಂಡರಿನ ಸ್ವಿಟ್ಜರ್ಲೆಂಡನ್ನು ತಲೆಯಲ್ಲಿ ತುಂಬಿಕೊಂಡು ಹೊರಟಿದ್ದೆ. ಮೇಲೆ ಹತ್ತಿ ನಿಂತಾಗ ನಗು ಬಂತು. ಚೂಪು ಶಿಖರ ಒಂದೂ ಇಲ್ಲ. ವಿಕ್ಟೋರಿಯಾ ರಾಜ್ಯದ ಅತಿ ಎತ್ತರದ ಬೆಟ್ಟವೂ ನಮ್ಮ ಮುಳ್ಳಯ್ಯನಗಿರಿಗಿಂತ ಒಂದಿಷ್ಟು ಹೆಚ್ಚು, ಅಷ್ಟೇ. ಕಣ್ಣು ಹಾಯುವವರೆಗೂ ಮಲಗಿದ ಎಮ್ಮೆಗಳ ಬೆನ್ನಿನ ಹಾಗೆ ದುಂಡಗೆ, ನುಣ್ಣಗೆ, ಒಂದರ ಹಿಂದೆ ಒಂದು. "ಏನ್ ಸರ್, ಇಷ್ಟು ಸಾಧು ಬೆಟ್ಟ!" ಅಂದೆ. ಮೇಷ್ಟ್ರು ನಗಲಿಲ್ಲ.

"ಹಿಮಾಲಯ ಎದುರಿಗೇ ಬೈಯುತ್ತೆ ಕಣಯ್ಯ, ಬರಬೇಡ ಅಂತ. ನಾವೂ ಹುಷಾರಾಗಿರ್ತೀವಿ. ಇದು ಹಂಗಲ್ಲ. ಬೆನ್ನು ಸವರಿಕೊಂಡು ಒಳಗೆ ಕರ್ಕೊಂಡ್ ಹೋಗಿಬಿಡುತ್ತೆ."

ಮುಂದಿನ ಎರಡು ಬೇಸಿಗೆ ಅವರ ಹಿಂದೆ ನಡೆದು ನಡೆದು ಆ ಬೆಟ್ಟಗಳನ್ನು ಕಲಿತೆ. ಅಲ್ಲಿ ಹಲವು ಸಂಗತಿ ತಲೆಕೆಳಗು. ಬೇರೆ ಕಡೆ ತಗ್ಗಿನಲ್ಲಿ ಮರ, ಮೇಲೆ ಬೋಳು. ಅಲ್ಲಿ ತಗ್ಗೇ ಬೋಳು, ದಿಣ್ಣೆಯ ಮೇಲೆ ಮರ. ರಾತ್ರಿಯ ಶೀತಗಾಳಿ ನೀರಿನ ಹಾಗೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ, ಆ ಚಳಿಗೆ ಸಸಿ ಉಳಿಯುವುದಿಲ್ಲ ಎಂದು ಮೇಷ್ಟ್ರು ಬಿಡಿಸಿ ಹೇಳಿದ್ದರು. ದಿಣ್ಣೆಗಳ ಮೇಲೆ ಸ್ನೋ ಗಮ್ ಎಂಬ ನೀಲಗಿರಿ ಜಾತಿಯ ಗಿಡ್ಡ ಮರಗಳು, ಗಾಳಿಗೆ ಸೊಂಟ ಬಗ್ಗಿಸಿಕೊಂಡಿರುತ್ತಿದ್ದವು. ಮಳೆ ಬಂದು ನಿಂತ ಮೇಲೆ ಅವುಗಳ ತೊಗಟೆಯಲ್ಲಿ ಹಸಿರು, ಕೆಂಪು, ಹಳದಿ ಗೆರೆ ಹೊಳೆಯುತ್ತಿತ್ತು. ಜನವರಿಯಲ್ಲಿ ಹುಲ್ಲಿನ ತುಂಬ ಬಿಳಿ ಸೇವಂತಿಗೆಯಂಥ ಹೂವು. ಅಲ್ಲಲ್ಲಿ ಪಾಚಿ ಬೆಳೆದ ಜೌಗು, ಕಾಲಿಟ್ಟರೆ ಮೊಣಕಾಲಿನವರೆಗೂ ತಣ್ಣನೆ ನೀರು. ಹಿಮ ಕರಗಿದ ನೀರನ್ನೆಲ್ಲ ಈ ಪಾಚಿ ಹೀರಿಟ್ಟುಕೊಂಡು ಬೇಸಿಗೆಯುದ್ದಕ್ಕೂ ಹೊಳೆಗಳಿಗೆ ಸ್ವಲ್ಪಸ್ವಲ್ಪವೇ ಬಿಡುತ್ತದೆ. ಜೌಗಿನ ಮೇಲೆ ಕಾಲಿಡಲು ಮೇಷ್ಟ್ರು ನನ್ನನ್ನು ಬಿಡುತ್ತಿರಲಿಲ್ಲ. ಎಷ್ಟು ದೂರವಾದರೂ ಸುತ್ತಿಕೊಂಡೇ ಹೋಗಬೇಕು.

ಮಧ್ಯಾಹ್ನ ಬಂಡೆಯ ಮೇಲೆ ಊಟ. ಕುಟ್ಟಿದ ಅವಲಕ್ಕಿಗೆ ಗೊಜ್ಜಿನ ಪುಡಿ ಬೆರೆಸಿ ಆಂಟಿ ಸ್ಟೀಲ್ ಡಬ್ಬಿಗೆ ಹಾಕಿಕೊಟ್ಟಿರುತ್ತಿದ್ದರು. ಅದಕ್ಕೆ ಹೊಳೆಯ ಐಸಿನಂಥ ನೀರು ಹಾಕಿ ಕಾಲು ಗಂಟೆ ಮುಚ್ಚಿಟ್ಟರೆ ಆಯಿತು. ಒಂದು ಸಣ್ಣ ಗ್ಯಾಸ್ ಸ್ಟವ್ ತರೋಣ ಸರ್ ಎಂದು ಒಮ್ಮೆ ಅಂದದ್ದಕ್ಕೆ, "ಒಲೆ ಹೊತ್ಕೊಂಡು ಬೆಟ್ಟ ಹತ್ತೋನು ಅಡುಗೆಭಟ್ಟ, ಸರ್ವೇಯರ್ ಅಲ್ಲ" ಅಂದಿದ್ದರು. ಹಲ್ಲು ಜುಮ್ಮೆನ್ನುವ ಆ ಹುಳಿ ಈಗಲೂ ನಾಲಗೆಯ ಮೇಲಿದೆ... ತಿಂದಾದ ಮೇಲೆ ಡಬ್ಬಿ ತೊಳೆದ ನೀರನ್ನು ಹುಲ್ಲಿಗೆ ಚೆಲ್ಲಲು ಹೋಗಿ ನಿಲ್ಲುತ್ತಿದ್ದರು. "ಹೇಳು, ಇದು ಎತ್ತ ಹೋಗುತ್ತೆ?" ಒಂದು ಪಕ್ಕಕ್ಕೆ ಹರಿದರೆ ಮರ್ರೆ ನದಿ ಸೇರಿ ಪಶ್ಚಿಮಕ್ಕೆ ಸಾವಿರ ಮೈಲಿಗೂ ಹೆಚ್ಚು ಸುತ್ತಿ ಸಮುದ್ರಕ್ಕೆ ಹೋಗುತ್ತದೆ. ಇನ್ನೊಂದು ಪಕ್ಕಕ್ಕೆ ಹರಿದರೆ ದಕ್ಷಿಣಕ್ಕಿಳಿದು ಬೇಗ ಕಡಲು ಸೇರುತ್ತದೆ. ನೀರನ್ನು ಎರಡು ಪಾಲು ಮಾಡುವ ಆ ಬೆನ್ನು ಎಷ್ಟು ಚಪ್ಪಟೆ ಅಂದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಮೇಷ್ಟ್ರು ಹೊಟ್ಟೆಯ ಮೇಲೆ ಮಲಗಿ, ಕೆನ್ನೆಯನ್ನು ಹುಲ್ಲಿಗೆ ಒತ್ತಿ, ಒಂದು ಕಣ್ಣು ಮುಚ್ಚಿ ನೋಡಿ, "ದಕ್ಷಿಣ" ಅನ್ನುತ್ತಿದ್ದರು. ಉಪಕರಣ ಇಟ್ಟು ನೋಡಿದರೆ ದಕ್ಷಿಣವೇ.

ಆ ನೆಲದ ಅಪಾಯವೂ ಅದೇ. ಕಡಿದಾದ ಬೆಟ್ಟದ ಮ್ಯಾಪಿನಲ್ಲಿ ಎತ್ತರ ತೋರಿಸುವ ಗೆರೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಇಲ್ಲಿ ಒಂದು ಗೆರೆಗೂ ಇನ್ನೊಂದಕ್ಕೂ ನಡುವೆ ಹೆಬ್ಬೆರಳಗಲ ಖಾಲಿ ಕಾಗದ. "ಈ ಖಾಲಿ ಜಾಗದಲ್ಲೇ ಜನ ಕಳೆದುಹೋಗೋದು" ಎಂದು ಮೇಷ್ಟ್ರು ಬೆರಳಿಟ್ಟು ತೋರಿಸುತ್ತಿದ್ದರು. ಮಂಜು ಕವಿದರೆ ಹತ್ತು ಹೆಜ್ಜೆ ಆಚೆಗೆ ಏನೂ ಕಾಣದು. ಎಲ್ಲ ಬೆನ್ನುಗಳೂ ಒಂದೇ ಥರ. ಇಳಿಯುತ್ತಿದ್ದೇವೆ ಎಂದು ಕಾಲಿಗೇ ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ಬೇರೆ ಯಾವುದೋ ಕಣಿವೆಯ ಬಾಯಿ. ಅದಕ್ಕೇ ಬಯಲಿನ ಮೇಲೆ ಆಳೆತ್ತರ ಮೀರಿದ ಮರದ ಕಂಬಗಳನ್ನು ಸಾಲಾಗಿ ನೆಟ್ಟು, ಒಂದೊಂದಕ್ಕೂ ನಂಬರಿನ ತಗಡು ಹೊಡೆದಿರುತ್ತಾರೆ. ಮಂಜಿನಲ್ಲಿ, ಹಿಮದಲ್ಲಿ, ಆ ಕಂಬ ಕಂಡರೆ ಜೀವ ಕಂಡ ಹಾಗೆ. ನಮ್ಮ ಮ್ಯಾಪಿನ ಮುಖ್ಯ ಕೆಲಸವೇ ಆ ಸಾಲನ್ನು ಸರಿಯಾದ ಜಾಗದಲ್ಲಿ ತೋರಿಸುವುದು.

ಮ್ಯಾಪಿನ ಕೆಳಗಿನ ಮೂಲೆಯಲ್ಲಿ, ನೆಲದ ಮೇಲೆ ನಡೆದು ಪರೀಕ್ಷಿಸಿದವರು ಎಂದು ಇನಿಷಿಯಲ್ಸ್ ಹಾಕಬೇಕಿತ್ತು. ನಡೆಯದ ನೆಲಕ್ಕೆ ಮೇಷ್ಟ್ರು ಆ ಎರಡಕ್ಷರ ಹಾಕಿದವರಲ್ಲ. ತಾವು ದಾಟದ ಒಂದು ಸಣ್ಣ ಹಳ್ಳಕ್ಕಾಗಿ ಒಂದು ಮ್ಯಾಪಿನ ಅಚ್ಚನ್ನೇ ಮುಂದಿನ ಬೇಸಿಗೆಯವರೆಗೆ ನಿಲ್ಲಿಸಿದ್ದರಂತೆ. ಕಂಪನಿಯ ಮ್ಯಾನೇಜರು ಹಣೆ ಚಚ್ಚಿಕೊಂಡರೂ ಅವರ ಮಾತಿಗೆ ಎದುರಾಡುತ್ತಿರಲಿಲ್ಲ.

ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗುವಂತಿಲ್ಲ. ಮೇಷ್ಟ್ರಿಗೆ ಒಂದೇ ಒಂದು ಭಯವಿತ್ತು. ಅವರ ತಾಯಿಗೆ ಅರವತ್ತು ತುಂಬುವ ಮೊದಲೇ ಮರೆವು ಶುರುವಾಗಿತ್ತು. ಒಂದು ಸಲ ಇವರು ಮೆಲ್ಬರ್ನ್‌ನಿಂದ ಮೈಸೂರಿಗೆ ಹೋಗಿ ಎದುರು ನಿಂತರೆ, "ತಾವು ಯಾರು? ಒಳಗೆ ಬನ್ನಿ, ಕೂತ್ಕೊಳಿ" ಅಂದರಂತೆ. ಬಂಡೆಯ ಮೇಲೆ ಕೂತು ನನಗೆ ಇದನ್ನು ಹೇಳಿದಾಗ ಮೇಷ್ಟ್ರು ನಕ್ಕರು. ಆದರೆ ದಾರಿಯುದ್ದಕ್ಕೂ ಬೆಟ್ಟಗಳ ಎತ್ತರ, ಕಂಬಗಳ ನಂಬರ್ ಬಾಯಿಪಾಠ ಹೇಳಿಕೊಳ್ಳುತ್ತಿದ್ದರು. ಮರೆವು ತನಗೂ ಬಂತೇ ಎಂದು ದಿನಾ ತಟ್ಟಿ ನೋಡಿಕೊಳ್ಳುತ್ತಿದ್ದರು ಅಂತ ನನಗೆ ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು.

ತೊಂಬತ್ತರ ಜನವರಿಯಲ್ಲಿ ಅವರ ಮೊಣಕಾಲು ಊದಿಕೊಂಡಿತು. ಒಂದು ಹೊಸ ಮ್ಯಾಪಿಗಾಗಿ ಐದು ದಿನ ನಡೆಯುವುದಿತ್ತು. ನನ್ನೊಬ್ಬನನ್ನೇ ಕಳಿಸಿದರು. ನಾಲ್ಕು ದಿನ ನಾನು ನಿಯತ್ತಾಗಿ ನಡೆದೆ. ಕಂಬ ಎಣಿಸಿದೆ, ಹೆಜ್ಜೆ ಎಣಿಸಿದೆ, ದಿಕ್ಸೂಚಿ ಹಿಡಿದು ಕೋನ ಬರೆದುಕೊಂಡೆ. ಉಳಿದದ್ದು ಐದನೇ ದಿನದ ನಾಲ್ಕು ಕಿಲೋಮೀಟರು. ದೊಡ್ಡದೊಂದು ಜೌಗಿನ ಪಕ್ಕದಲ್ಲಿ ಹಾದುಹೋಗುವ ಕಂಬದ ಸಾಲು.

ಆ ಭಾನುವಾರ ಸಿಡ್ನಿಯಲ್ಲಿ ನನಗೆ ಹೆಣ್ಣು ನೋಡುವ ಶಾಸ್ತ್ರ ಇತ್ತು. ಹುಡುಗಿಯ ತಂದೆ ಡಾಕ್ಟರು, ಮೈಸೂರಿನವರು. ಸಂಕ್ರಾಂತಿ ಕಳೆದ ಮೊದಲ ಭಾನುವಾರವೇ ಆಗಬೇಕು, ರಾಹುಕಾಲಕ್ಕೆ ಮೊದಲು ಮನೆಯೊಳಗಿರಬೇಕು ಎಂದು ಫೋನಿನಲ್ಲಿ ಹೇಳಿದ್ದರು. ಇಲ್ಲಿ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರಲ್ಲ, ಅದನ್ನೂ ಸಿಡ್ನಿಯ ಸೂರ್ಯೋದಯವನ್ನೂ ಸೇರಿಸಿ ಅವರೇ ಲೆಕ್ಕ ಹಾಕಿ ಹೊತ್ತು ಗೊತ್ತು ಮಾಡಿದ್ದರು. ಐದನೇ ದಿನ ನಡೆದರೆ ನಾನು ಆ ಹೊತ್ತಿಗೆ ಸಿಡ್ನಿ ಮುಟ್ಟುವುದು ಸಾಧ್ಯವಿರಲಿಲ್ಲ. ಮೇಷ್ಟ್ರಿಗೆ ಒಂದು ಫೋನ್ ಮಾಡಿ ಹೇಳಬಹುದಿತ್ತು. "ಹೋಗಯ್ಯ ಹೋಗು, ಬೆಟ್ಟ ಎಲ್ಲೂ ಓಡಿಹೋಗಲ್ಲ" ಎಂದು ಖಂಡಿತ ಕಳಿಸುತ್ತಿದ್ದರು. ಆದರೆ ಬೆಟ್ಟದ ಕೆಲಸಕ್ಕೆ ಹೋದವನು ಹೆಣ್ಣು ನೋಡಲು ಓಡಿದ ಎಂದು ಅವರು ಆಂಟಿಯ ಮುಂದೆ ನಗುತ್ತಾರಲ್ಲ ಎಂದು ನಾಚಿಕೆ. ಎಂಥ ಅಲ್ಪ ನಾಚಿಕೆ! ಅದನ್ನು ಉಳಿಸಿಕೊಳ್ಳಲು ಹೋಗಿ ಇಡೀ ಜೀವಮಾನಕ್ಕಾಗುವಷ್ಟು ನಾಚಿಕೆ ಕಟ್ಟಿಕೊಂಡೆ.

ಎಂಜಿನಿಯರಿಂಗ್ ಕಾಲೇಜಿನ ಸರ್ವೇ ಕ್ಯಾಂಪಿನಲ್ಲಿ ನಾವೆಲ್ಲ ರೀಡಿಂಗ್ "ಕುಕ್" ಮಾಡಿದವರೇ. ಬಿಸಿಲಲ್ಲಿ ಯಾರು ಅಳೆಯುತ್ತಾರೆ? ಮರದ ನೆರಳಲ್ಲಿ ಕೂತು, ಬರಬೇಕಾದ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ, ಅಳತೆ ಬರೆದಿಡುವ ಫೀಲ್ಡ್ ಬುಕ್ ತುಂಬಿಸುವುದು. ಆ ವಿದ್ಯೆಯಲ್ಲಿ ನಾನು ನಿಪುಣ. ಸಿಡ್ನಿಯ ದಾರಿಯಲ್ಲಿ ಆಲ್ಬರಿ ಊರಿನ ಒಂದು ಟೀ ಅಂಗಡಿಯಲ್ಲಿ ಕಾರು ನಿಲ್ಲಿಸಿ, ಸರ್ಕಾರದ ಹಳೆಯ ಮ್ಯಾಪನ್ನು ಬಿಡಿಸಿಕೊಂಡು, ಅದರಲ್ಲಿ ಕಂಬದ ಸಾಲು ಜೌಗಿನ ಪಶ್ಚಿಮಕ್ಕಿದ್ದದ್ದನ್ನು ನೋಡಿ ಕೋನ, ಹೆಜ್ಜೆ ಎಲ್ಲ ಹುಟ್ಟಿಸಿದೆ. ಅಳತೆ ಚೊಕ್ಕವಾಗಿ ಕೂಡಿಬಂದರೆ ಅನುಮಾನ ಬರುತ್ತದೆಂದು ಏಳೆಂಟು ಮೀಟರ್ ತಪ್ಪನ್ನೂ ಬೇಕೆಂದೇ ಸೇರಿಸಿದೆ. ಮೊದಲನೇ ಫೀಲ್ಡ್ ಬುಕ್ ಮುಗಿದಿದ್ದರಿಂದ ಇದು ಎರಡನೆಯದರಲ್ಲಿ ಬಂತು. ಆರೇ ಪುಟ. ಮಳೆಹನಿ ಬಿದ್ದ ಹಾಗಿರಲಿ ಎಂದು ಮೂರನೇ ಪುಟದ ಮೇಲೆ ಎರಡು ತೊಟ್ಟು ನೀರನ್ನೂ ಚಿಮುಕಿಸಿದೆ.

ರಾಹುಕಾಲಕ್ಕೆ ಮೊದಲೇ ಸಿಡ್ನಿ ತಲುಪಿದೆ. ಕೇಸರಿಬಾತು ತಿಂದೆ. ಹುಡುಗಿ ಒಪ್ಪಿದಳು, ನಾನೂ ಒಪ್ಪಿದೆ. ವಾಪಸು ಬಂದು ಎರಡೂ ಫೀಲ್ಡ್ ಬುಕ್ಕುಗಳನ್ನು ಮೇಷ್ಟ್ರ ಮೇಜಿನ ಮೇಲಿಟ್ಟೆ. ಅವರು ಪುಟ ಪುಟ ನೋಡಿಕೊಂಡು ತಮ್ಮ ಕೈಯಾರೆ ಕಂಬಗಳ ಚುಕ್ಕೆಗಳನ್ನು ಹಾಳೆಯ ಮೇಲೆ ಇಳಿಸಿದರು. ಇನಿಷಿಯಲ್ಸ್ ಹಾಕಲು ಪೆನ್ನು ತೆಗೆದುಕೊಂಡರು. "ನಾನು ನಡೀದೇ ಇರೋದಕ್ಕೆ ಹಾಕ್ತಾ ಇರೋದು ಇದೇ ಮೊದಲು ನೋಡು. ಇರಲಿ. ನೀನು ನಡೆದ್ರೆ ನಾನೇ ನಡೆದ ಹಾಗೆ" ಅಂದರು. ಎರಡಕ್ಷರ ಹಾಕಿದರು. ನಾನು ಪಕ್ಕದಲ್ಲೇ ನಿಂತಿದ್ದೆ.

ಆ ವರ್ಷ ಚಳಿಗಾಲದಲ್ಲಿ ಸಿಡ್ನಿಯಲ್ಲಿ ಮದುವೆ. ನನ್ನ ಅಪ್ಪ ಅಮ್ಮನಿಗೆ ವೀಸಾ ಸಮಯಕ್ಕೆ ಸಿಗಲಿಲ್ಲ. ಗಂಡಿನ ಕಡೆಯಿಂದ ಧಾರೆಗೆ ಕೂತವರು ಮೇಷ್ಟ್ರು ಮತ್ತು ಆಂಟಿ. ಊದಿದ ಮೊಣಕಾಲು ಮಡಿಸಿಕೊಂಡು ಅವರು ಎರಡು ಗಂಟೆ ಮಣೆಯ ಮೇಲೆ ಕೂತಿದ್ದರು...

ಮ್ಯಾಪು ಆ ವರ್ಷದ ಕೊನೆಗೆ ಅಚ್ಚಾಯಿತು. ಮರುವರ್ಷ ಏಪ್ರಿಲ್‌ನಲ್ಲಿ ಒಂದು ಕಾಗದ ಬಂತು. ಮಧ್ಯವಯಸ್ಸಿನ ಗಂಡ ಹೆಂಡತಿ ಬೆಟ್ಟಕ್ಕೆ ಹೋಗಿದ್ದರು. ಬಯಲಿನಲ್ಲಿ ಚಾರಣಿಗರು ತಂಗುವ ಗುಡಿಸಲಿನಿಂದ ಹೊರಟಾಗ ದಟ್ಟ ಮಂಜು. ನಮ್ಮ ಮ್ಯಾಪನ್ನು ನಂಬಿ, ಜೌಗಿನ ಪಶ್ಚಿಮಕ್ಕೆ ಹೋದರೆ ಕಂಬದ ಸಾಲು ಸಿಗುತ್ತದೆಂದು ದಿಕ್ಸೂಚಿ ಹಿಡಿದು ನಡೆದರು. ಕಂಬ ಸಿಗಲಿಲ್ಲ. ಇನ್ನು ಸ್ವಲ್ಪ, ಇನ್ನು ಸ್ವಲ್ಪ ಎಂದು ನಡೆದು ನಡೆದು, ಇಳಿಯುತ್ತಿರುವುದೇ ತಿಳಿಯದೆ ಬೇರೆ ಕಣಿವೆಗೆ ಬಿದ್ದರು. ಆಕೆ ಹಳ್ಳದಲ್ಲಿ ಜಾರಿ ತೊಡೆ ಮುರಿದುಕೊಂಡರು. ಹುಡುಕುವವರಿಗೆ ಅವರು ಸಿಕ್ಕಿದ್ದು ಮೂರನೇ ದಿನ. ಜೀವ ಉಳಿಯಿತು, ಆದರೆ ಆಕೆ ಇನ್ನು ಊರುಗೋಲಿಲ್ಲದೆ ನಡೆಯುವುದು ಕಷ್ಟ ಎಂದು ಗಂಡ ಬರೆದಿದ್ದರು. ಜೊತೆಗೆ ಅರಣ್ಯದವರು ಬರೆದ ಒಂದು ಸ್ಕೆಚ್ ಇತ್ತು. ಜನ ತುಳಿದು ಪಾಚಿ ಹಾಳಾಗುತ್ತದೆಂದು ಎಷ್ಟೋ ವರ್ಷದ ಹಿಂದೆಯೇ ಕಂಬಗಳನ್ನು ಕಿತ್ತು ಜೌಗಿನ ಪೂರ್ವಕ್ಕೆ ನೆಟ್ಟಿದ್ದರು. ಅಲ್ಲಿ ಒಂದು ದಿನ ನಡೆದಿದ್ದರೆ ಕುರುಡನಿಗೂ ಕಾಣುತ್ತಿತ್ತು.

ಮೇಷ್ಟ್ರು ಕಾಗದ ಓದಿ ನನ್ನ ಮುಂದಿಟ್ಟರು. "ನೀನು ಪಶ್ಚಿಮ ಅಂತ ತಾನೇ ಬರೆದಿದ್ದು? ನನಗೆ ಹಂಗೇ ನೆನಪು" ಅಂದರು. ನನ್ನ ಬಾಯಿಂದ, "ಇಲ್ಲ ಸರ್, ಪೂರ್ವ ಅಂತ ಬರೆದಿದ್ದೆ ಅನ್ಸುತ್ತೆ" ಅಂತ ಬಂತು. ಹೇಗೆ ಬಂತೋ. ಹೆಂಡತಿ ಆಗ ಐದು ತಿಂಗಳ ಬಸುರಿ. ಇಲ್ಲೇ ಕಾಯಂ ನೆಲೆಸಲು ಹಾಕಿದ್ದ ನನ್ನ ಪಿಆರ್ ಅರ್ಜಿ ಕಂಪನಿಯ ಕಾಗದದ ಮೇಲೆ ನಿಂತಿತ್ತು. ಕೆಲಸ ಹೋದರೆ ಮೂರು ಜನ ಬೆಂಗಳೂರಿನ ವಿಮಾನ ಹತ್ತಬೇಕು. ಇದನ್ನೆಲ್ಲ ನಾನು ಆಮೇಲೆ ಸಾವಿರ ಸಲ ನನಗೇ ಹೇಳಿಕೊಂಡಿದ್ದೇನೆ. ಒಂದು ಸಲವೂ ಸಮಾಧಾನವಾಗಿಲ್ಲ.

"ಸೋಮವಾರ ಫೀಲ್ಡ್ ಬುಕ್ ತಗೊಂಡು ಬಾ, ನೋಡೋಣ" ಅಂದರು. ಮ್ಯಾಪು ಅಚ್ಚಾದ ಮೇಲೆ ವಾಪಸು ಬಂದಿದ್ದ ಬುಕ್ಕು ನನ್ನ ಡ್ರಾಯರಿನಲ್ಲೇ ಇತ್ತು. ಬೀರುವಿನಲ್ಲಿ ಅದೇ ಹಳದಿ ರಟ್ಟಿನ ಹೊಸ ಬುಕ್ಕುಗಳೂ ಇದ್ದವು. ಶನಿವಾರ ಲೈಬ್ರರಿಯ ಮೇಜಿನ ಮುಂದೆ ಕೂತು, ಅರಣ್ಯದವರ ಸ್ಕೆಚ್ ಇಟ್ಟುಕೊಂಡು, ಆರು ಪುಟಗಳನ್ನು ಹೊಸದಾಗಿ ಬರೆದೆ. ಪಶ್ಚಿಮ ಇದ್ದಲ್ಲೆಲ್ಲ ಪೂರ್ವ. ಅದೇ ಪೆನ್ಸಿಲು, ಅದೇ ತಾರೀಖು. ಮೂರನೇ ಪುಟಕ್ಕೆ ಎರಡು ತೊಟ್ಟು ನೀರು. ರಟ್ಟನ್ನು ಕಾಂಕ್ರೀಟಿಗೆ ತಿಕ್ಕಿ ಹಳೆಯದು ಮಾಡಿದೆ. ಹಳೆಯ ಬುಕ್ಕನ್ನು ಕ್ಲೇಟನ್ ಸ್ಟೇಷನ್ನಿನ ಕಸದ ಡಬ್ಬಿಗೆ ಹಾಕಿದೆ. ಮೊದಲ ಸಲದ್ದು ಸೋಮಾರಿತನ ಅನ್ನಬಹುದು. ಇದಕ್ಕೆ ಬೇರೆ ಹೆಸರಿದೆ, ಅದು ನನಗೆ ಗೊತ್ತು.

ಸೋಮವಾರ ಮೇಷ್ಟ್ರು ಆ ಆರು ಪುಟಗಳನ್ನು ಎರಡು ಸಲ ಓದಿದರು. ತಮ್ಮ ಹಾಳೆ ನೋಡಿದರು. ಮತ್ತೆ ಬುಕ್ಕು ನೋಡಿದರು. ಬೈಯುತ್ತಾರೆ, ಅನುಮಾನಪಡುತ್ತಾರೆ ಎಂದು ಕಾಯುತ್ತಿದ್ದೆ. ಪಡಲಿ ಎಂದು ಒಳಗೊಳಗೇ ಆಸೆಯೂ ಇತ್ತೋ ಏನೋ... ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಪಶ್ಚಿಮ ಅಂತ ಓದಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ ಕಣಯ್ಯ. ಇಲ್ಲಿ ನೋಡಿದ್ರೆ ಪೂರ್ವ ಇದೆ. ಹಂಗಾದ್ರೆ... ಶುರುವಾಯ್ತು ಅಂತ ಕಾಣುತ್ತೆ."

ಏನು ಶುರುವಾಯಿತು ಎಂದು ನಾನು ಕೇಳಬೇಕಾಗಿರಲಿಲ್ಲ. ಅವರು ಎದ್ದು ಮ್ಯಾನೇಜರ ರೂಮಿಗೆ ಹೋಗಿ, ಹುಡುಗ ಸರಿಯಾಗಿ ಬರೆದಿದ್ದಾನೆ, ಇಳಿಸುವಾಗ ನನ್ನ ಕೈ ತಪ್ಪಿದೆ ಎಂದು ಹೇಳಿದರು. ಆ ದಂಪತಿಗೆ ತಾವೇ ಕೈಬರಹದಲ್ಲಿ ಕ್ಷಮೆ ಕೇಳಿ ಬರೆದರು. ಮ್ಯಾನೇಜರು ಒಳ್ಳೆಯವನು, ಇರಿ ಎಂದು ಬೇಡಿಕೊಂಡ. ಓದಿದ್ದನ್ನೇ ತಿರುವುಮುರುವು ಬರೆಯುವ ಕೈ ಮ್ಯಾಪ್ ಮಾಡಬಾರದು ಎಂದು ಹೇಳಿ ಮೇಷ್ಟ್ರು ಆ ತಿಂಗಳೇ ಕೆಲಸ ಬಿಟ್ಟರು. ಆಗ ಅವರಿಗೆ ಐವತ್ತೆಂಟು. ತಿದ್ದಿದ ಮ್ಯಾಪು ಹೊಸದಾಗಿ ಅಚ್ಚಾದಾಗ ಕೆಳಗಿನ ಮೂಲೆಯಲ್ಲಿ ಅವರ ಇನಿಷಿಯಲ್ಸ್ ಇರಲಿಲ್ಲ. ನನ್ನದಿತ್ತು.

ಮರುವರ್ಷ ಪಿಆರ್ ಬಂತು, ಸಿಡ್ನಿಯಲ್ಲಿ ಬೇರೆ ಕೆಲಸ ಸಿಕ್ಕಿತು. ಮೆಲ್ಬರ್ನ್ ಬಿಟ್ಟೆ. ಮಾವನವರ ಊರು, ಮಗುವಿಗೆ ಅಜ್ಜ ಅಜ್ಜಿ ಹತ್ತಿರ ಎಂದೆಲ್ಲ ಎಲ್ಲರಿಗೂ ಹೇಳಿದೆ. ನಿಜವಾಗಿ ಮೇಷ್ಟ್ರ ಮುಖ ತಪ್ಪಿಸಿಕೊಂಡು ಓಡಿದ್ದು. ದೀಪಾವಳಿಗೆ, ಯುಗಾದಿಗೆ ಫೋನ್ ಮಾಡುತ್ತಿದ್ದೆ. ಅವರು ಬೆಟ್ಟದ ಮಾತೇ ಎತ್ತುತ್ತಿರಲಿಲ್ಲ.

ತೊಂಬತ್ತೇಳರಲ್ಲಿ ಹೆಂಡತಿ, ಮಗಳ ಜೊತೆ ಮೆಲ್ಬರ್ನ್‌ಗೆ ಹೋದಾಗ ಅವರ ಮನೆಯಲ್ಲೇ ಇಳಿದೆವು. ಮನೆಯ ತುಂಬ ಚೀಟಿ. ಗ್ಯಾಸಿನ ಪಕ್ಕ "ಆಫ್ ಮಾಡಿದೆಯಾ?", ಬಾಗಿಲಿಗೆ "ಕೀ", ಫೋನಿನ ಮೇಲೆ ಅವರದೇ ಮನೆಯ ನಂಬರ್. ಎಲ್ಲ ಮೇಷ್ಟ್ರ ದುಂಡು ಅಕ್ಷರ. ನನ್ನ ಮಗಳಿಗೆ ಅದು ಆಟ. "ಅಂಕಲ್, ವೈ ಸೋ ಮೆನಿ ನೋಟ್ಸ್?" ಅಂದಳು. "ಅಂಕಲ್‌ಗೆ ಮರೆತುಹೋಗುತ್ತೆ ಪುಟ್ಟಿ" ಅಂದರು. ಏನೂ ಮರೆತಿರಲಿಲ್ಲ. ನನ್ನ ಮಗಳು ಹುಟ್ಟಿದ ವಾರ, ನನ್ನ ಅಪ್ಪನ ಆಪರೇಷನ್, ಎಲ್ಲ ಕೇಳಿದರು. ಡಾಕ್ಟರು ಎರಡು ಸಲ ಪರೀಕ್ಷೆ ಮಾಡಿ ಏನೂ ಇಲ್ಲ ಅಂದಿದ್ದಾರೆ ಎಂದು ಆಂಟಿ ಅಡುಗೆಮನೆಯಲ್ಲಿ ಹೇಳಿದರು. ಆದರೂ ಗ್ಯಾಸ್ ಆಫ್ ಮಾಡಿ ಬಂದು ಮೇಷ್ಟ್ರು ನನ್ನನ್ನು ಕರೆದು, "ಒಂದ್ಸಲ ನೋಡಿ ಬಾರಯ್ಯ. ನೀನು ನೋಡಿ ಹೇಳಿದ್ರೆ ನನಗೆ ನಂಬಿಕೆ" ಅನ್ನುತ್ತಿದ್ದರು. ತಾವು ನಡೆಯದ ನೆಲವನ್ನು ನಂಬದಿದ್ದ ಮನುಷ್ಯ... ನಾನು ಹೋಗಿ ನೋಡಿ ಬಂದು, ಆಫ್ ಆಗಿದೆ ಸರ್ ಅನ್ನುತ್ತಿದ್ದೆ.

ಹೊರಡುವ ದಿನ ಧೈರ್ಯ ಮಾಡಿ, ಬನ್ನಿ ಸರ್, ಒಂದ್ಸಲ ಬೆಟ್ಟಕ್ಕೆ ಹೋಗಿಬರೋಣ ಅಂದೆ. ಅಲ್ಲಿ, ಆ ಜೌಗಿನ ಪಕ್ಕದಲ್ಲಿ ಹೇಳಿಬಿಡಬೇಕು ಅಂತಿತ್ತು. ಬೇಡ, ನಿಮ್ಮನ್ನೂ ದಾರಿ ತಪ್ಪಿಸಿಬಿಡ್ತೀನಿ ಅಂದರು. "ಸರ್, ಆ ಫೀಲ್ಡ್ ಬುಕ್..." ಎಂದು ಶುರು ಮಾಡಿದೆ. ಅವರು ಕೈ ಎತ್ತಿ, "ಅದನ್ನ ನೆನಪಿಸಬೇಡ ಮಾರಾಯ" ಅಂದರು. ನಾನು ನಿಲ್ಲಿಸಿದೆ. ಅವರಿಗೆ ನೋವಾಗಬಾರದೆಂದು ನಿಲ್ಲಿಸಿದೆ ಎಂದು ಸಿಡ್ನಿಯವರೆಗೂ ಕಾರಿನಲ್ಲಿ ನನಗೇ ಹೇಳಿಕೊಂಡು ಬಂದೆ. ಹೇಡಿಗೆ ಯಾವ ನೆಪ ಸಿಕ್ಕರೂ ಸಾಕು. ಎರಡು ವರ್ಷದ ಮೇಲೆ ಅವರು ಹೃದಯಾಘಾತದಿಂದ ಹೋದರು. "ಕೊನೇವರೆಗೂ ಏನೂ ಮರೀಲಿಲ್ಲ ಕಣಪ್ಪ. ಮರೀತೀನಿ ಮರೀತೀನಿ ಅಂತ ಹೆದರಿಕೊಂಡೇ ಹೋದ್ರು" ಎಂದು ಆಂಟಿ ಅತ್ತರು. ನಾನೂ ಅತ್ತೆ. ಎಲ್ಲರೂ ನನ್ನನ್ನೇ ಸಮಾಧಾನ ಮಾಡಿದರು.

ಈಗ ನಾನು ಸಿಡ್ನಿಯ ದಿ ಪಾಂಡ್ಸ್‌ನಲ್ಲಿದ್ದೇನೆ, ರಿಟೈರ್ ಆಗಿದ್ದೇನೆ. ಪೆಂಡಲ್ ಹಿಲ್ಲಿನಲ್ಲಿ ಆ ಪ್ಯಾಕೆಟ್ ಒಡೆದ ವಾರವೇ ಆಂಟಿಯ ಫೋನ್ ಬಂತು. ಎಂಬತ್ತು ದಾಟಿದೆ, ದನಿ ಮಾತ್ರ ಹಾಗೇ ಇದೆ. ಮೆಲ್ಬರ್ನ್‌ನ ಕನ್ನಡದವರು ಒಂದು ಸ್ಮರಣ ಸಂಚಿಕೆ ತರುತ್ತಿದ್ದಾರಂತೆ, ಹಿಂದಿನವರ ಬಗ್ಗೆ. "ಅವರ ಬಗ್ಗೆ ನೀನೇ ಬರೀಬೇಕಪ್ಪ. ಮಗನ ಥರ ಇದ್ದೋನು ನೀನು. ಆ ಮ್ಯಾಪಿನ ತಪ್ಪಿನ ವಿಷಯ ಒಂದು ಮಾತ್ರ ಬೇಡ. ಪಾಪ, ಅದರಲ್ಲೇ ಕೊರಗಿ ಹೋದ್ರು" ಅಂದರು. ಬರೆದೆ. ಹಿಮಾಲಯ, ಗೊಜ್ಜವಲಕ್ಕಿ, ಅವರ ಪ್ರಾಮಾಣಿಕತೆ ಎಂದು ನಾಲ್ಕು ಪುಟ. ಓದಿ ನೋಡಿದೆ. ಮೂರನೇ ಸಲ ಫೀಲ್ಡ್ ಬುಕ್ ಕುಕ್ ಮಾಡಿದ ಹಾಗಿತ್ತು. ಹರಿದು ಹಾಕಿ ಇದನ್ನು ಬರೆದಿದ್ದೇನೆ.

ನಿನ್ನೆ ಹೆಂಡತಿಗೆ ಓದಲು ಕೊಟ್ಟೆ. ಮುಗಿಸಿ ಹಾಳೆಗಳನ್ನು ಜೋಡಿಸಿ ಮೇಜಿನ ಮೇಲಿಟ್ಟಳು. "ನನ್ನನ್ನ ನೋಡಕ್ಕೆ ಬಂದ ದಿನಾನಾ?" ಎಂದು ಕೇಳಿದಳು. ಹೌದು ಅಂದೆ. ಎದ್ದು ಒಳಗೆ ಹೋದಳು. ಇನ್ನೂ ನನ್ನ ಜೊತೆ ಮಾತಾಡಿಲ್ಲ. ಯಾಕೆ ಎಂದು ಕೇಳುವ ಹಕ್ಕು ನನಗಿಲ್ಲ.

ಆಂಟಿ, ನೀವು ಬೇಡ ಅಂದದ್ದನ್ನೇ ಬರೆದಿದ್ದೇನೆ. ಇನ್ನು ನನ್ನನ್ನು ಮಗನ ಥರ ಅನ್ನಬೇಡಿ. ಆದರೆ ಇಷ್ಟು ತಿಳಿದುಕೊಳ್ಳಿ. ಕಂಬಗಳು ಪೂರ್ವಕ್ಕಿದ್ದವು. ನಾನು ನೋಡದೆ ಪಶ್ಚಿಮ ಎಂದು ಬರೆದುಕೊಟ್ಟೆ. ಮೇಷ್ಟ್ರು ಪಶ್ಚಿಮ ಎಂದೇ ಓದಿದರು, ಪಶ್ಚಿಮಕ್ಕೇ ಹಾಕಿದರು, ಪಶ್ಚಿಮ ಎಂದೇ ನೆನಪಿಟ್ಟುಕೊಂಡಿದ್ದರು. ಅವರ ಕೈ ತಪ್ಪಿರಲಿಲ್ಲ, ಅವರಿಗೆ ಯಾವ ಮರೆವೂ ಬಂದಿರಲಿಲ್ಲ. ಅವರು ಬದುಕಿರುವಾಗ ನಾನು ಅವರಿಗೆ ಹೇಳಬೇಕಾಗಿದ್ದದ್ದು ಇದೊಂದೇ ಮಾತು.